ಚಕ್ರ, ಉಪನ್ಯಾಸ, ಎರಡು ಕುರ್ಚಿ: ಹಿರಿಯರ ಆರೋಗ್ಯ ಮೇಳದಲ್ಲಿ ನಾನು ಮಾಡಿ ನೋಡಿದ ಮೂರು ಬಗೆ

ಚೀಟಿಗಳಿಂದ ತುಂಬಿದ ಪೆಟ್ಟಿಗೆಯೊಂದನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟುಕೊಂಡು ಮನೆಗೆ ಬಂದ ರಾತ್ರಿ ಸಂತೋಷಕ್ಕೆ ನನಗೆ ನಿದ್ದೆ ಹತ್ತಲಿಲ್ಲ. 143 ಹೆಸರು, 143 ಫೋನ್ ನಂಬರು, ಎಲ್ಲರೂ ಅರವತ್ತೈದರ ಆಚೀಚಿನವರು. ಬೆಳಿಗ್ಗೆ ಕಾಫಿ ಕುಡಿಯುತ್ತ ವಿಮೆ ಮಾರಾಟದ ನಿಯಮಗಳನ್ನು ಇನ್ನೊಮ್ಮೆ ಓದಿದೆ. ಅದೃಷ್ಟ ಚೀಟಿಗಾಗಿ ಪಡೆದ ಹೆಸರನ್ನು ಅದೃಷ್ಟ ಚೀಟಿಗೆ ಬಿಟ್ಟು ಬೇರೆ ಯಾವುದಕ್ಕೂ ಬಳಸುವಂತಿಲ್ಲ. 143ರಲ್ಲಿ ಒಬ್ಬರಿಗೂ ಫೋನ್ ಮಾಡುವ ಹಕ್ಕು ನನಗಿರಲಿಲ್ಲ. ಗೆದ್ದ ಒಬ್ಬ ಅಜ್ಜನಿಗೆ ಮಾತ್ರ ಫೋನ್ ಮಾಡಿ, ಬಹುಮಾನ ತಲುಪಿಸಿ ಬಂದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ ಇರಬೇಕು.

ನಾನು ಅಮೆರಿಕದಲ್ಲಿ ಮೆಡಿಕೇರ್ ವಿಮೆ ಮಾರುವ ಸ್ವತಂತ್ರ ಏಜೆಂಟ್. ಅಲ್ಲಿ 65 ತುಂಬಿದವರಿಗೆ ಸರ್ಕಾರದ ಮೆಡಿಕೇರ್ ಇದೆ. ಅದರ ಜೊತೆಗೋ ಬದಲಿಗೋ ಖಾಸಗಿ ಕಂಪನಿಗಳ ಯೋಜನೆಗಳಿವೆ: ಎಲ್ಲವನ್ನೂ ಒಂದೇ ಕಟ್ಟಿನಲ್ಲಿ ಕೊಡುವ ಮೆಡಿಕೇರ್ ಅಡ್ವಾಂಟೇಜ್, ಔಷಧಿಗಾಗಿ ಪಾರ್ಟ್ ಡಿ, ಮೂಲ ಮೆಡಿಕೇರ್ ಬಿಟ್ಟ ಖರ್ಚನ್ನು ತುಂಬಿಕೊಡುವ ಮೆಡಿಗ್ಯಾಪ್. ಇವನ್ನು ಮಾರಬೇಕಾದರೆ ಮೊದಲು ಆಸಕ್ತರ ಹೆಸರು ಬೇಕು, ನಮ್ಮ ಭಾಷೆಯಲ್ಲಿ ಲೀಡ್ ಬೇಕು. ಕರೆಯದೆ ಹೋಗಿ ಬಾಗಿಲು ತಟ್ಟುವಂತಿಲ್ಲ, ಕೇಳದೆ ಫೋನ್ ಮಾಡುವಂತಿಲ್ಲ. ಹಣ ಕೊಟ್ಟು ಕೊಂಡ ಪಟ್ಟಿಗಳಲ್ಲಿ ನಾನು ಕೈ ಸುಟ್ಟುಕೊಂಡಿದ್ದೆ. ನಾನು ಕರೆ ಮಾಡುವ ಹೊತ್ತಿಗೆ ಅದೇ ಹೆಸರಿಗೆ ಇನ್ನೂ ನಾಲ್ವರು ಕರೆ ಮಾಡಿರುತ್ತಿದ್ದರು. ಹೀಗಾಗಿ 2024ರ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಐದು ಆರೋಗ್ಯ ಮೇಳಗಳಲ್ಲಿ ಮೇಜು ಹಾಕಿದೆ. ಕೆಳಗೆ ಬರೆದ ನಿಯಮಗಳೆಲ್ಲ ಆ ಹಂಗಾಮಿನವು.

ಮೊದಲ ಬಗೆ, ಬಣ್ಣದ ಚಕ್ರ. ಬಂದವರು ಅದನ್ನು ತಿರುಗಿಸಬೇಕು, ಮುಳ್ಳು ನಿಂತ ಕಡೆ ಬರೆದ ವಸ್ತು ಅವರಿಗೆ. ಮಾತ್ರೆ ಡಬ್ಬಿ, ಬಾಟಲಿಯ ಮುಚ್ಚಳ ತಿರುಗಿಸುವ ರಬ್ಬರು, ಫ್ರಿಜ್ಜಿಗೆ ಅಂಟಿಸುವ ಕಾಂತ. ಉಡುಗೊರೆಯ ಬೆಲೆ 15 ಡಾಲರು ಮೀರಬಾರದು, ನಗದು ಕೊಡಬಾರದು ಎಂಬ ನಿಯಮವಿರುವುದರಿಂದ ಇದರಲ್ಲಿ ದಿವಾಳಿಯಾಗುವ ಭಯವಿಲ್ಲ. ಪಕ್ಕದಲ್ಲಿ ಅದೃಷ್ಟ ಚೀಟಿಯ ಪೆಟ್ಟಿಗೆ.

ಜನ ಬಂದರು. ಜಾತ್ರೆಯಲ್ಲಿ ತೊಟ್ಟಿಲು ಕಂಡವರಂತೆ ಬಂದರು. ಸಾಲು ಪಕ್ಕದ ಕಿವಿ ಪರೀಕ್ಷೆಯ ಮೇಜಿನವರೆಗೂ ಬೆಳೆದು, ಅಲ್ಲಿದ್ದ ಹುಡುಗಿ ನನ್ನತ್ತ ಎರಡು ಸಲ ಹುಬ್ಬು ಗಂಟಿಕ್ಕಿದಳು. ತಿರುಗಿಸಿದರು, ನಕ್ಕರು, ಡಬ್ಬಿ ತೆಗೆದುಕೊಂಡರು, ಹೋದರು. ಮೊಮ್ಮಕ್ಕಳನ್ನು ಎತ್ತಿ ಹಿಡಿದು ತಿರುಗಿಸಿದರು. ಅಂದು ಮನೆಗೆ ಬಂದ ಮೇಲೆ ನೆನಪಾದ ಮುಖ ಒಂದೇ. ಕಂಕುಳಲ್ಲಿ ಲಕೋಟೆ ಹಿಡಿದು ಸಾಲಿನ ಬದಿಯಲ್ಲಿ ಹತ್ತು ನಿಮಿಷ ನಿಂತಿದ್ದ ಹೆಂಗಸು. ನನ್ನನ್ನು ಏನೋ ಕೇಳಬೇಕೆಂದಿದ್ದಳು. ಚಕ್ರದ ಗದ್ದಲದಲ್ಲಿ ನಾನು ತಲೆಯೆತ್ತಲಿಲ್ಲ, ಆಕೆ ಹೊರಟುಹೋದಳು. ಆ ದಿನ ನನಗೆ ಬೇಕಿದ್ದದ್ದು ಆಕೆಯೊಬ್ಬಳೇ.

ಎರಡನೆಯ ಮೇಳದಲ್ಲಿ ಪೆಟ್ಟಿಗೆಯನ್ನು ಬಿಟ್ಟು ಚಕ್ರವನ್ನಷ್ಟೇ ಇಟ್ಟೆ. ಜೊತೆಗೆ ಪ್ರತ್ಯೇಕವಾಗಿ ಸಂಪರ್ಕ ಕಾರ್ಡು: ‘ಮೆಡಿಕೇರ್ ಯೋಜನೆಗಳ ಬಗ್ಗೆ ಏಜೆಂಟ್ ನನಗೆ ಫೋನ್ ಮಾಡಬಹುದು’ ಎಂಬ ಒಪ್ಪಿಗೆ, ಸಹಿ, ತಾರೀಖು. ಕಾರ್ಡು ತುಂಬದವರಿಗೂ ಉಡುಗೊರೆ ಕೊಟ್ಟೆ. ಉಡುಗೊರೆ ಒಪ್ಪಿಗೆಯ ಬೆಲೆಯಾಗಬಾರದು. 31 ಕಾರ್ಡು ಬಂದವು. 11 ಮಂದಿ ಫೋನ್ ಎತ್ತಿದರು, ಅವರಲ್ಲಿ ಅರ್ಧದಷ್ಟು ಜನಕ್ಕೆ ನಾನು ಯಾರೆಂಬುದೇ ನೆನಪಿರಲಿಲ್ಲ. ‘ಚಕ್ರದವನು’ ಎಂದಾಗ ಒಬ್ಬಾಕೆ ಡಬ್ಬಿಯ ಗುರುವಾರದ ಮುಚ್ಚಳ ಮುರಿದಿದೆ ಎಂದು ದೂರಿದಳು. ನಾಲ್ವರು ಎದುರು ಕುಳಿತರು, ಒಬ್ಬರು ಯೋಜನೆಗೆ ಸೇರಿದರು.

ಚಕ್ರದಲ್ಲಿ ಒಳ್ಳೆಯದೇನೂ ಇಲ್ಲವೆಂದಲ್ಲ. ಹೊಸ ಊರಿನಲ್ಲಿ ನಮ್ಮ ಗುರುತು ಯಾರಿಗೂ ಇಲ್ಲದಾಗ, ಅದು ಮುಖ ಪರಿಚಯ ಮಾಡಿಸುತ್ತದೆ. ಆದರೆ ಮುಖ ಪರಿಚಯಕ್ಕೂ ಲೀಡಿಗೂ ಅಜಗಜಾಂತರ.

ಮೂರನೆಯ ಮೇಳಕ್ಕೆ ರಕ್ತದೊತ್ತಡ ಅಳೆಯುವ ಯಂತ್ರ ಒಯ್ದರೆ ಹೇಗೆ ಎಂಬ ಯೋಚನೆಯೂ ಬಂದಿತ್ತು. ಅದಕ್ಕೂ ಅಡ್ಡಿಯಿದೆ. ಮಾರಾಟದ ಮೇಜಿನಲ್ಲಿ ಆರೋಗ್ಯ ತಪಾಸಣೆ ಮಾಡುವಂತಿಲ್ಲ. ಆರೋಗ್ಯವಂತರನ್ನು ಮಾತ್ರ ಹೆಕ್ಕಿಕೊಳ್ಳುವ ಹುನ್ನಾರವಾದೀತು ಎಂಬುದು ಕಾರಣ. ಸರಿಯಾದ ಕಾರಣವೇ. ನಾನು ಅಳೆಯುವಂತಿಲ್ಲ, ಆದರೆ ಅಳೆಯುವವರ ಹತ್ತಿರ ಕುಳಿತುಕೊಳ್ಳಬಹುದಲ್ಲ ಎಂಬ ಉಪಾಯ ಆಗ ಹೊಳೆಯಿತು.

ಇದು ಎರಡನೆಯ ಬಗೆ, ಕುರ್ಚಿ. ಆ ಮೇಳದಲ್ಲಿ ಫ್ಲೂ ಲಸಿಕೆ ಹಾಕುತ್ತಿದ್ದರು. ಚುಚ್ಚಿಸಿಕೊಂಡವರನ್ನು 15 ನಿಮಿಷ ಅಲ್ಲೇ ಕುಳ್ಳಿರಿಸುತ್ತಿದ್ದರು. ಹದಿನೈದು ನಿಮಿಷ ಮಾಡಲು ಏನೂ ಕೆಲಸವಿಲ್ಲದ, ಕುಳಿತ ಜನ! ಆಯೋಜಕರನ್ನು ಕೇಳಿ ಆ ಕುರ್ಚಿಗಳಿಗೆ ಎದುರಾಗಿ ಜಾಗ ಪಡೆದೆ. ಮೇಜಿನ ಮೇಲೆ ಉಡುಗೊರೆಯಿಲ್ಲ. ಎರಡು ಖಾಲಿ ಕುರ್ಚಿ, ದೊಡ್ಡ ಅಕ್ಷರದ ಒಂದು ಫಲಕ: ‘ನಿಮ್ಮ ಯೋಜನೆಯಿಂದ ಬಂದ ಪತ್ರ ಅರ್ಥವಾಗಲಿಲ್ಲವೇ? ಕುಳಿತುಕೊಳ್ಳಿ.’

ಆ ಪತ್ರದ ಹಿಂದಿನ ಲೆಕ್ಕ ಹೇಳಬೇಕು. ಮುಂದಿನ ವರ್ಷ ಯೋಜನೆಯಲ್ಲಿ ಏನೇನು ಬದಲಾಗುತ್ತದೆ ಎಂದು ಪ್ರತಿ ಕಂಪನಿಯೂ ಸೆಪ್ಟೆಂಬರ್ 30ರೊಳಗೆ ಸದಸ್ಯರಿಗೆ ತಿಳಿಸಬೇಕು. ಯೋಜನೆ ಬದಲಿಸುವ ಅವಧಿ ಅಕ್ಟೋಬರ್ 15ರಿಂದ ಡಿಸೆಂಬರ್ 7. ಅಂದರೆ ಅಕ್ಟೋಬರ್ ಮೊದಲ ವಾರದಲ್ಲಿ ಪತ್ರ ಅವರ ಅಡುಗೆಮನೆಯ ಮೇಜಿನ ಮೇಲಿರುತ್ತದೆ. ಪುಟಗಟ್ಟಲೆ ಪಟ್ಟಿ, ಸಣ್ಣ ಅಕ್ಷರ. ಓದಿದವರು ಕಡಿಮೆ, ಅದನ್ನು ನೆನೆದು ಕಳವಳಪಟ್ಟವರು ಹೆಚ್ಚು. 2024ರಲ್ಲಿ ಇನ್ನೊಂದು ಪ್ರಶ್ನೆಯೂ ಎಲ್ಲರ ಬಾಯಲ್ಲಿತ್ತು. 2025ರಲ್ಲಿ ಪಾರ್ಟ್ ಡಿ ಔಷಧಿಗೆ ಕೈಯಿಂದ ಕೊಡಬೇಕಾದ ಹಣಕ್ಕೆ ವರ್ಷಕ್ಕೆ 2,000 ಡಾಲರಿನ ಮಿತಿ ಬರಲಿತ್ತು. ‘ನನ್ನ ಎಲ್ಲ ಔಷಧಿಗೂ ಅದು ಅನ್ವಯವಾಗುತ್ತದೆಯೇ?’ ಎಂದು ಕೇಳದವರೇ ಇಲ್ಲ. ಯೋಜನೆಯ ಪಟ್ಟಿಯಲ್ಲಿರುವ ಔಷಧಿಗೆ ಮಾತ್ರ ಎಂದು ಅಂದು ಎಷ್ಟು ಸಲ ಹೇಳಿದೆನೋ.

ಇದು ಶೈಕ್ಷಣಿಕ ಮೇಳ ಎಂದು ಪ್ರಚಾರವಾಗಿದ್ದರಿಂದ ನನ್ನ ಕೈ ಕಟ್ಟಿತ್ತು. ಕೇಳಿದ ಪ್ರಶ್ನೆಗೆ ಉತ್ತರಿಸಬಹುದು, ಸಂಪರ್ಕ ಕಾರ್ಡು ಪಡೆಯಬಹುದು. ನಿರ್ದಿಷ್ಟ ಯೋಜನೆಯನ್ನು ಮುಂದೊಡ್ಡುವಂತಿಲ್ಲ, ಅರ್ಜಿ ತೆಗೆದುಕೊಳ್ಳುವಂತಿಲ್ಲ. ಭೇಟಿಯಲ್ಲಿ ಯಾವ ಯಾವ ಯೋಜನೆಗಳ ಮಾತಾಡಬಹುದು ಎಂದು ಸಹಿ ಹಾಕಿಸಿಕೊಳ್ಳುವ ನಮೂನೆಯನ್ನೂ ಅಲ್ಲಿ ಪಡೆಯುವಂತಿಲ್ಲ. ಮೊದಲು ಇದು ತೊಡಕೆನಿಸಿತ್ತು. ಕುಳಿತು ನೋಡಿದ ಮೇಲೆ ತಿಳಿಯಿತು, ಮಾರಲಾಗದವನ ಮುಂದೆ ಜನ ಚೀಲ ಬಿಚ್ಚುತ್ತಾರೆ. ಒಬ್ಬ ನಿವೃತ್ತ ಬಸ್ ಚಾಲಕ ಏಳು ಮಾತ್ರೆ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿದ. ಇನ್ನೊಬ್ಬಾಕೆಯ ಪತ್ರ ಓದಿ, ‘ನಿಮ್ಮ ಡಾಕ್ಟರು ಅದೇ ಇದ್ದಾರೆ, ಔಷಧಿಯೂ ಅದೇ ಬೆಲೆಯ ದರ್ಜೆಯಲ್ಲಿದೆ, ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ’ ಎಂದೆ. ಆಕೆ ಕಾರ್ಡು ತುಂಬದೆ ಎದ್ದು ಹೋದಳು. ವಾರದ ನಂತರ ಆಕೆಯ ತಂಗಿಯೇ ನನಗೆ ಫೋನ್ ಮಾಡಿದಳು.

ಆ ದಿನ 19 ಮಂದಿ ಕುಳಿತರು, 14 ಕಾರ್ಡು. ಮುಂದೆ ಒಂಬತ್ತು ಭೇಟಿ, ಐವರು ಸೇರಿದರು. ತಂಗಿಯನ್ನು ಸೇರಿಸಿದರೆ ಆರು.

ಪಕ್ಕದ ಮೇಜಿನಲ್ಲಿ ಶಿಪ್‌ನವರಿದ್ದರು. ಪ್ರತಿ ರಾಜ್ಯದಲ್ಲೂ ಇರುವ, ಮೆಡಿಕೇರ್ ಬಗ್ಗೆ ಉಚಿತ ಸಲಹೆ ಕೊಡುವ ಸರ್ಕಾರಿ ನೆರವಿನ ವ್ಯವಸ್ಥೆ. ಕಮಿಷನ್ ಇಲ್ಲದ ಸಲಹೆಗಾರ ಪಕ್ಕದಲ್ಲೇ ಕುಳಿತರೆ ನನ್ನ ಗತಿಯೇನು ಎಂದು ಮೊದಲು ಮುಖ ಸಣ್ಣದು ಮಾಡಿಕೊಂಡಿದ್ದೆ. ಆದಾಯ ಕಡಿಮೆಯಿದ್ದು ಔಷಧಿ ಖರ್ಚಿಗೆ ಸರ್ಕಾರದ ನೆರವು ಸಿಗಬಹುದಾದವರನ್ನು ಅತ್ತ ಕಳಿಸಿದೆ. ಮಧ್ಯಾಹ್ನದ ಹೊತ್ತಿಗೆ, ಏಜೆಂಟನೇ ಬೇಕೆಂದವರಿಗೆ ಆ ಮೇಜಿನಿಂದ ನನ್ನತ್ತ ಕೈ ತೋರಿಸುವುದು ಕಂಡಿತು.

ಮೂರನೆಯ ಬಗೆ, ಉಪನ್ಯಾಸ. ಮೇಳದ ಭಾಗವಾಗಿ ಪಕ್ಕದ ಕೋಣೆಯಲ್ಲಿ 20 ನಿಮಿಷ, ವಿಷಯ ‘65 ತುಂಬುವ ಮುನ್ನ ನೆನಪಿಡಬೇಕಾದ ತಾರೀಖುಗಳು’. ಹನ್ನೆರಡೇ ಜನ. ಹನ್ನೆರಡರಲ್ಲಿ ಇಬ್ಬರು ತಂಪಿಗೆ ಬಂದು ಕುಳಿತವರು. ಆದರೆ ಉಳಿದವರನ್ನು ನೋಡಿದರೆ ಯಾರೂ ಹಣ್ಣು ಮುದುಕರಲ್ಲ. ತಾಯಿಯನ್ನು ಮೇಳಕ್ಕೆ ಕರೆತಂದ ಮಗಳು, ಅತ್ತೆಯ ಗಾಲಿಕುರ್ಚಿ ತಳ್ಳುತ್ತಿದ್ದ ಅಳಿಯ. ಇವರಿಗೇ ಅರವತ್ತಮೂರು, ಅರವತ್ನಾಲ್ಕು! ಮೇಳದಲ್ಲಿ ನಾವೆಲ್ಲ ಮಾತಾಡಿಸುವುದು ತಾಯಿಯನ್ನು, ಮಗಳಿಗೆ ಕೊಡುವುದು ಚೀಲ ಹಿಡಿಯುವ ಕೆಲಸವನ್ನು.

ಮೆಡಿಕೇರ್‌ಗೆ ಸೇರಲು ಅವರ ಮುಂದಿರುವುದು ಏಳು ತಿಂಗಳ ಕಿಂಡಿ: 65 ತುಂಬುವ ತಿಂಗಳು, ಅದರ ಹಿಂದಿನ ಮೂರು, ಮುಂದಿನ ಮೂರು. ನೌಕರಿಯಿಂದ ಬಂದ ವಿಮೆಯ ಆಸರೆಯಿಲ್ಲದೆ ಅದನ್ನು ತಪ್ಪಿಸಿಕೊಂಡರೆ ವೈದ್ಯರ ಭೇಟಿಯಂಥ ಖರ್ಚು ನೋಡಿಕೊಳ್ಳುವ ಪಾರ್ಟ್ ಬಿಯ ಕಂತಿಗೆ, ತಡಮಾಡಿದ ಪ್ರತಿ ಪೂರ್ಣ ವರ್ಷಕ್ಕೆ ಶೇಕಡಾ 10ರಂತೆ ದಂಡ ಸೇರುತ್ತದೆ. ಮೆಡಿಗ್ಯಾಪ್ ಬೇಕಾದವರಿಗೆ 65 ತುಂಬಿ ಪಾರ್ಟ್ ಬಿ ಶುರುವಾದ ಮೊದಲ ಆರು ತಿಂಗಳಲ್ಲಿ ಕಾಯಿಲೆಯ ನೆಪವೊಡ್ಡಿ ಕಂಪನಿ ನಿರಾಕರಿಸುವಂತಿಲ್ಲ. ಇದನ್ನು ಹೇಳುವಾಗ ಪೆನ್ನುಗಳು ಹೊರಬಂದವು. ಎಂಟು ಕಾರ್ಡು, ಐದು ಭೇಟಿ, ನಾಲ್ವರು ಸೇರಿದರು, ಅದರಲ್ಲಿ ಇಬ್ಬರು ಮುಂದಿನ ವಸಂತದಲ್ಲಿ.

ನನ್ನ ಜೇಬಿನ ಮಾತನ್ನೂ ಮುಚ್ಚಿಡುವುದಿಲ್ಲ. 2025ರ ಮೆಡಿಕೇರ್ ಅಡ್ವಾಂಟೇಜ್‌ಗೆ ಹೊಸದಾಗಿ ಬರುವವರಿಗೆ ಏಜೆಂಟ್ ಪಡೆಯಬಹುದಾದ ಗರಿಷ್ಠ ಕಮಿಷನ್ ಬಹುತೇಕ ರಾಜ್ಯಗಳಲ್ಲಿ 626 ಡಾಲರು. ಒಂದು ಅಡ್ವಾಂಟೇಜ್ ಯೋಜನೆಯಿಂದ ಇನ್ನೊಂದಕ್ಕೆ ಹೋಗುವವರಿಗೆ ಅದರ ಅರ್ಧ, 313. ಕುರ್ಚಿಗೆ ಬಂದವರಲ್ಲಿ ಹೆಚ್ಚಿನವರು ಎರಡನೆಯ ಗುಂಪಿನವರು, ಉಪನ್ಯಾಸಕ್ಕೆ ಬಂದವರು ಮೊದಲನೆಯ ಗುಂಪಿನವರು. ತಲೆ ಎಣಿಸಿದರೆ ಕುರ್ಚಿ ಮುಂದು, ಹಣ ಎಣಿಸಿದರೆ ಎರಡೂ ಹೆಚ್ಚುಕಡಿಮೆ ಒಂದೇ. ಉಪನ್ಯಾಸದ ತೊಂದರೆ ಎಂದರೆ ಕಾಯಬೇಕು. ಕಾರ್ಡಿನ ಒಪ್ಪಿಗೆ 12 ತಿಂಗಳು ಮಾತ್ರ ಬಾಳುತ್ತದೆ, 63ರವರಿಗೆ ಅದು ಸಾಲದು. ಅಂಥವರ ಕೈಗೆ ನನ್ನ ನಂಬರು ಕೊಟ್ಟು ದೇವರ ಮೇಲೆ ಭಾರ ಹಾಕುವುದೇ ದಾರಿ. ಉಪನ್ಯಾಸದ ಬಿಸಿಯಲ್ಲೇ ಸಂಜೆ ಅದೇ ಕಟ್ಟಡದಲ್ಲಿ ಮಾರಾಟದ ಸಭೆ ಇಟ್ಟುಬಿಡೋಣ ಎನ್ನುವವರಿಗೂ ಒಂದು ಮಾತು: ಆ ಹಂಗಾಮಿನ ನಿಯಮದಂತೆ ಎರಡರ ನಡುವೆ 12 ಗಂಟೆಯ ಅಂತರ ಬೇಕಿತ್ತು.

ಟ್ಯಾಬ್ಲೆಟ್ಟೋ ಕಾಗದವೋ ಎಂಬ ಜಗಳ ಒಂದೇ ದಿನದಲ್ಲಿ ಮುಗಿಯಿತು. ಬಿಸಿಲಿಗೆ ಪರದೆ ಕಾಣಲಿಲ್ಲ, ನಡುಗುವ ಬೆರಳಿಗೆ ಅಕ್ಷರ ಸಿಗಲಿಲ್ಲ. ದಪ್ಪ ಪೆನ್ನು, ಗಟ್ಟಿ ಕಾರ್ಡು ಸಾಕು. ಒಂದನ್ನು ಏಳು ಎಂದು ಓದುವ ಅಪಾಯವಿದೆ, ಬರೆದವರೆದುರೇ ನಂಬರನ್ನು ಜೋರಾಗಿ ಓದಿ ಹೇಳಿದರೆ ಅದೂ ತಪ್ಪುತ್ತದೆ.

ಫೋನಿನ ಬಗ್ಗೆ ಎರಡು ಮಾತು. ಎರಡು ದಿನದೊಳಗೆ ಕರೆದರೆ ಕುರ್ಚಿಯ ಜನರಿಗೆ ನನ್ನ ನೆನಪಿತ್ತು, ವಾರ ಬಿಟ್ಟರೆ ಅವರೂ ಚಕ್ರದ ಜನರಂತೆಯೇ. ಕರೆ ಧ್ವನಿಮುದ್ರಣವಾಗುತ್ತಿದೆ, ನಿಮ್ಮ ಪ್ರದೇಶದ ಎಲ್ಲ ಯೋಜನೆಗಳೂ ನನ್ನ ಬಳಿ ಇಲ್ಲ ಎಂದು ಮೊದಲ ನಿಮಿಷದಲ್ಲೇ ಹೇಳಬೇಕು. ಅದನ್ನು ಕೇಳಿ ಫೋನ್ ಇಡುವವರಿದ್ದಾರೆ. ‘ಲಸಿಕೆ ಹಾಕಿಸಿಕೊಂಡ ದಿನ ಬಾಟಲಿ ಎಣಿಸಿದೆವಲ್ಲ’ ಎಂದು ಶುರುಮಾಡಿದರೆ ಇಡುವುದಿಲ್ಲ. ಆಮೇಲೆ, ಮೇಳದಲ್ಲಿ ಪಡೆಯಲಾಗದ ಆ ನಮೂನೆಗೆ ಸಹಿ, ಸಹಿಯಾದ 48 ಗಂಟೆಯ ನಂತರ ಭೇಟಿ. ಯೋಜನೆ ಬದಲಿಸುವ ಅವಧಿಯ ಕೊನೆಯ ನಾಲ್ಕು ದಿನಗಳಲ್ಲಿ ಈ ಕಾಯುವಿಕೆಗೆ ವಿನಾಯಿತಿ ಇತ್ತು. ಆದ್ದರಿಂದ ನವೆಂಬರ್ ಕೊನೆಯ ಮೇಳದ ಲೀಡುಗಳು ಡಿಸೆಂಬರ್ ಮೊದಲ ವಾರದಲ್ಲಿ ಒಂದರ ಮೇಲೊಂದು ಬಿದ್ದು, ಎರಡನ್ನು ಕೈತಪ್ಪಿಸಿಕೊಂಡೆ.

ಹಾಗಾದರೆ ಯಾವುದು? ಅಕ್ಟೋಬರಿನಲ್ಲಿ ಕುರ್ಚಿ, ಉಳಿದ ತಿಂಗಳುಗಳಲ್ಲಿ ಉಪನ್ಯಾಸ. ಒಂದಕ್ಕೇ ಶಕ್ತಿಯಿದ್ದರೆ ಕುರ್ಚಿ. ಮಾತು ಬಾರದವರಿಗೂ ಅದೇ ಸರಿ, ಅಲ್ಲಿ ಆಡಬೇಕಾದ್ದು ಕಡಿಮೆ, ಕೇಳಬೇಕಾದ್ದು ಹೆಚ್ಚು. ಚಕ್ರವನ್ನು ಕಿವಿ ಪರೀಕ್ಷೆಯ ಹುಡುಗಿಗೆ ಅರ್ಧ ಬೆಲೆಗೆ ಮಾರಿದೆ. ಈಗ ಮೇಳದವರು ಜಾಗ ಕಾಯ್ದಿರಿಸಲು ಕರೆದಾಗ ಎಷ್ಟು ಜನ ಬರುತ್ತಾರೆ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಲಸಿಕೆ ಹಾಕಿಸಿಕೊಂಡವರನ್ನು ಎಲ್ಲಿ ಕುಳ್ಳಿರಿಸುತ್ತೀರಿ ಎಂದು ಕೇಳುತ್ತೇನೆ.