ಪಟ್ಟೆ ಗುಲಾಬಿ: ಗ್ರಿಲ್ಲಿಗೆ ಹಬ್ಬಿದ್ದು, ಕುಂಡದಲ್ಲಿ ನಿಂತಿದ್ದು

ನಮ್ಮ ಧಾರವಾಡದ ಮನೆಯಲ್ಲಿ ಪಟ್ಟೆ ಗುಲಾಬಿ ಎರಡಿವೆ. ಕಂಪೌಂಡ್ ಗ್ರಿಲ್ಲಿಗೆ ಹಬ್ಬಿದ್ದು ‘ಫೋರ್ತ್ ಆಫ್ ಜುಲೈ’. ಮೆಟ್ಟಿಲ ಪಕ್ಕದ ಕುಂಡದಲ್ಲಿರುವುದು ‘ಅಭಿಸಾರಿಕಾ’. ಮೂರನೆಯದೂ ಒಂದಿತ್ತು, ಅದು ಪಟ್ಟೆಯೂ ಆಗಲಿಲ್ಲ, ಬಳ್ಳಿಯೂ ಆಗಲಿಲ್ಲ. ‘ಬಳ್ಳಿ ಗುಲಾಬಿ, ಕೆಂಪು-ಬಿಳಿ ಪಟ್ಟೆ’ ಅಂತ ಹೇಳಿ ಒಂದು ನರ್ಸರಿಯವರು ಕೊಟ್ಟಿದ್ದು. ಕಸಿ ಗಂಟಿನ ಕೆಳಗಿಂದ ಚಿಗುರು ಎದ್ದು, ಮೇಲಿನ ಗಿಡ ಒಣಗಿ, ಕೊನೆಗೆ ಉಳಿದದ್ದು ಬರೀ ಬೇರುಗಿಡ, ಅಂದರೆ ಕಸಿಗೆ ಬುಡವಾಗಿದ್ದ ಬೇರೆ ಗುಲಾಬಿ. ಅವತ್ತಿನಿಂದ ಗಂಟಿನ ಕೆಳಗೆ ಏನೇ ಚಿಗುರಿದರೂ ಕಂಡ ಕೂಡಲೇ ಕಿತ್ತು ಹಾಕುತ್ತೇನೆ.

ಫೋರ್ತ್ ಆಫ್ ಜುಲೈ ಅಮೆರಿಕದ ತಳಿ. ಟಾಮ್ ಕ್ಯಾರುತ್ ಅನ್ನುವವರು ಬೆಳೆಸಿದ್ದು, 1999ರಲ್ಲಿ ಮಾರುಕಟ್ಟೆಗೆ ಬಂತು. ಅವರ ಸ್ವಾತಂತ್ರ್ಯ ದಿನದ ಹೆಸರನ್ನೇ ಇಟ್ಟಿದ್ದಾರೆ. ಎಸಳು ಕಡಿಮೆ, ಹೂ ಪೂರ್ತಿ ಬಿಚ್ಚಿಕೊಳ್ಳುತ್ತದೆ, ನಡುವೆ ಹಳದಿ ಕೇಸರ ಕಾಣುತ್ತದೆ. ಮೂಗು ಹತ್ತಿರ ಒಯ್ದರೆ ಸೇಬಿನ ಹಣ್ಣಿನ ವಾಸನೆ. ಒಂದು ಹೂವಿನ ಪಟ್ಟೆಯಂತೆ ಇನ್ನೊಂದರದು ಇರುವುದಿಲ್ಲ. ಒಂದರಲ್ಲಿ ಕೆಂಪು ಜಾಸ್ತಿ, ಪಕ್ಕದ್ದರಲ್ಲಿ ಬಿಳಿಯೇ ಜಾಸ್ತಿ.

ಅಭಿಸಾರಿಕಾ ನಮ್ಮ ದೇಶದ್ದೇ. ‘ಕಿಸ್ ಆಫ್ ಫೈರ್’ ತಳಿಯ ಬಣ್ಣ ಮಾರ್ಪಾಟಾಗಿ ಬಂದದ್ದು, ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಕೊಡುಗೆ. ಹಳದಿ ಮೈಮೇಲೆ ಕೆಂಪು ಗೆರೆ. ಇದು ಹಬ್ಬುವುದಿಲ್ಲ, ಪೊದೆಯಾಗಿ ನಿಲ್ಲುತ್ತದೆ. ಹಾಗಾದರೆ ಹೋಲಿಕೆ ಯಾಕೆ ಅಂದರೆ, ಪಟ್ಟೆ ಹೂವಿನ ಆಸೆಗೆ ಬಳ್ಳಿ ಗುಲಾಬಿ ಹುಡುಕುವವರಲ್ಲಿ ಅರ್ಧ ಜನಕ್ಕೆ ಬೇಕಾಗಿರುವುದು ಪಟ್ಟೆ, ಬಳ್ಳಿಯಲ್ಲ. ನಾನೂ ಹಾಗೇ ಇದ್ದೆ.

ತಾಳ್ಮೆಯ ವಿಷಯಕ್ಕೆ ಬಂದರೆ ಕುಂಡದ ಗಿಡವೇ ಗೆದ್ದಿತು. ಅಭಿಸಾರಿಕಾ ಹಚ್ಚಿದ ಮೂರನೇ ತಿಂಗಳಿಗೆ ಹೂ ಕೊಟ್ಟಿತು. ಬಳ್ಳಿ ಮೊದಲ ವರ್ಷ ಬರೀ ಎಲೆ ಮತ್ತು ಮುಳ್ಳು. ನೆಟ್ಟಗೆ ಏಳಡಿ ಏರಿ, ತುದಿಯಲ್ಲಿ ಮೂರೇ ಮೂರು ಹೂ, ಅದೂ ಪಕ್ಕದ ಮನೆಯವರ ಕಡೆ ಮುಖ ಮಾಡಿ. ತಪ್ಪು ನನ್ನದೇ. ಕುಡಿ ಮೇಲ್ಮುಖವಾಗಿದ್ದರೆ ಅದು ಕೆಳಗಿನ ಕಣ್ಣುಗಳನ್ನು ಚಿಗುರಲು ಬಿಡುವುದಿಲ್ಲ. ಎರಡನೇ ವರ್ಷ ಅಕ್ಟೋಬರ್‌ನಲ್ಲಿ ಉದ್ದ ಕೊಂಬೆಗಳನ್ನು ನಿಧಾನ ಬಗ್ಗಿಸಿ, ಹಳೇ ಸೀರೆಯ ಅಂಚಿನಿಂದ ಗ್ರಿಲ್ಲಿಗೆ ಅಡ್ಡಡ್ಡ ಕಟ್ಟಿದೆ. ತಿಂಗಳೊಳಗೆ ಕಣ್ಣು ಕಣ್ಣಿಗೂ ಚಿಗುರು, ಡಿಸೆಂಬರ್‌ಗೆ ಗ್ರಿಲ್ ಕಾಣದಷ್ಟು ಹೂ. ಪೊದೆ ಗುಲಾಬಿಗೆ ಕತ್ತರಿ ಹಾಕುವ ಹಾಗೆ ಇದಕ್ಕೆ ಹಾಕಬೇಡಿ, ಮುಖ್ಯ ಕೊಂಬೆ ಉಳಿಸಿ ಪಕ್ಕದ ರೆಂಬೆಗಳನ್ನು ಮಾತ್ರ ಗಿಡ್ಡ ಮಾಡಿ.

ಮಳೆಗಾಲದಲ್ಲಿ ಎರಡಕ್ಕೂ ಕಷ್ಟ. ಧಾರವಾಡದ ಜಿಟಿಜಿಟಿ ಮಳೆಗೆ ಎಲೆ ದಿನವಿಡೀ ಒದ್ದೆ ಇರುತ್ತದೆ, ಕಪ್ಪು ಚುಕ್ಕಿ ರೋಗಕ್ಕೆ ಅಷ್ಟೇ ಸಾಕು. ಅಭಿಸಾರಿಕಾ ಆಗಸ್ಟ್‌ನಲ್ಲಿ ಅರ್ಧ ಬೋಳಾಗುತ್ತದೆ, ಆದರೆ ಕುಂಡವನ್ನು ಸೂರಿನಡಿ ಎಳೆಯಬಹುದು. ಬಳ್ಳಿಯಲ್ಲಿ ಕೆಳಗಿನ ಎಲೆಗಳಷ್ಟೇ ಉದುರುತ್ತವೆ. ಗಾಳಿ ಆಡುವ ಗ್ರಿಲ್ ಅದನ್ನು ಕಾಪಾಡಿದೆ ಅಂತ ನನ್ನ ಅಂದಾಜು. ಏಪ್ರಿಲ್ ಬಿಸಿಲಿಗೆ ಎರಡರ ಪಟ್ಟೆಯೂ ಮಸುಕು. ಚಳಿಗಾಲದ ಹೂವಿನ ಕೆಂಪೇ ಬೇರೆ, ಮಖಮಲ್ಲಿನ ಹಾಗೆ.

ಅತ್ತೆಯವರ ತೀರ್ಪು ಬೇರೆ. ಫೋರ್ತ್ ಆಫ್ ಜುಲೈ ಹೂ ಕಿತ್ತು ಜಗಲಿ ಮೇಲಿಟ್ಟರೆ ದೇವರಿಗೆ ಏರಿಸುವುದರೊಳಗೆ ಎಸಳು ಉದುರುತ್ತವೆ. “ನೋಡಾಕಷ್ಟ ಛಂದ, ಪೂಜಾಕ್ಕ ಜವಾರಿ ಗುಲಾಬಿನs ಬೇಕವ್ವ” ಅಂತಾರೆ. ಹೂದಾನಿಗೆ ಅಭಿಸಾರಿಕಾ ವಾಸಿ, ಮೊಗ್ಗಿನಲ್ಲಿ ಕೊಯ್ದರೆ ಮೂರು ದಿನ ನಿಲ್ಲುತ್ತದೆ.

ಇನ್ನು ಮಣ್ಣು. ನಮ್ಮದು ಮಸಾರಿ, ಅಂದರೆ ಕೆಂಪು ಮಣ್ಣು, ನೀರು ನಿಲ್ಲುವುದಿಲ್ಲ. ಬಳ್ಳಿಯನ್ನು ನೆಲದಲ್ಲೇ ಹಚ್ಚಿ ಸಗಣಿ ಗೊಬ್ಬರ ಹಾಕಿದ್ದಷ್ಟೇ. ಹುಬ್ಬಳ್ಳಿ ಕೇಶ್ವಾಪುರದಲ್ಲಿರುವ ತಂಗಿಯೂ ಅದೇ ಬಳ್ಳಿಯನ್ನು ಹಚ್ಚಿದಳು. ಅವರದು ಎರೆ, ಅಂದರೆ ಕಪ್ಪು ಜಿಗುಟು ಮಣ್ಣು. ಮಳೆಗಾಲದಲ್ಲಿ ಗುಂಡಿ ಬಾವಿಯಾಯಿತು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು. ಎಲೆಯ ನರ ಹಸಿರು, ಉಳಿದದ್ದೆಲ್ಲ ಹಳದಿ. ಅವಳು ಗೊಬ್ಬರ ಸುರಿದಳು, ಹಳದಿ ಇನ್ನೂ ಹೆಚ್ಚಾಯಿತು. ಅದು ಗೊಬ್ಬರದ ಕೊರತೆ ಅಲ್ಲ, ಸುಣ್ಣದಂಶ ಇರುವ ಎರೆಯಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಎರಡನೇ ಸಲ ನೆಲದ ಮೇಲೆ ಒಂದೂವರೆ ಅಡಿ ಕಟ್ಟೆ ಕಟ್ಟಿಸಿ, ಗರಸು (ಸಣ್ಣ ಕಲ್ಲಿನ ಮಣ್ಣು), ಕೆಂಪು ಮಣ್ಣು, ಗೊಬ್ಬರ ತುಂಬಿ ಹೊಸ ಗಿಡ ಹಚ್ಚಿದ್ದಾಳೆ. ಗಿಡಕ್ಕಿಂತ ಕಟ್ಟೆಗೇ ಖರ್ಚು ಜಾಸ್ತಿ ಆಯಿತು.

ಹಾಗಾಗಿ ಮಸಾರಿ ಮಣ್ಣು, ಆರು ತಾಸು ಬಿಸಿಲು ಬೀಳುವ ಗ್ರಿಲ್ ಇದ್ದವರಿಗೆ ನಾನು ಕಣ್ಣು ಮುಚ್ಚಿ ಬಳ್ಳಿಯನ್ನೇ ಹೇಳುತ್ತೇನೆ. ಎರೆ ನೆಲ, ಕಟ್ಟೆ ಕಟ್ಟಿಸುವ ಮನಸ್ಸಿಲ್ಲ ಅನ್ನುವವರು ಸುಮ್ನೆ ಹದಿನಾಲ್ಕು ಇಂಚಿನ ಕುಂಡ ತಂದು ಅಭಿಸಾರಿಕಾ ಹಚ್ಚಲಿ. ತಂಗಿ ಮಾತ್ರ ಕೇಳಲಿಲ್ಲ. ಮೊನ್ನೆ ಫೋನ್ ಮಾಡಿದ್ದಳು: “ಅಕ್ಕಾ, ಏಳಡಿ ಏರೇತಿ, ಈಗ ಬಗ್ಗಸ್ಲ್ಯೋ ಅಕ್ಟೋಬರ್‌ಗ ಬಗ್ಗಸ್ಲ್ಯೋ?”