ಸೀನಿಯರ್ ಬಿಟ್ಟುಹೋದ ಪೇಪರ್ ವಹಿಸಿಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಪಿಎಚ್‌ಡಿಗೆ ಸೇರಿದ ಹೊಸದರಲ್ಲಿ ಗೈಡ್ ಕರೆದು, "ಸೀನಿಯರ್ ಬರೆದ ಸಂಶೋಧನಾ ಪೇಪರ್ ಒಂದಿದೆ, ಎಲ್ಲಾ ಮುಗಿದಿದೆ, ಸ್ವಲ್ಪ ರಿವಿಷನ್ ಮಾಡಿ ಕಳಿಸಿದ್ರೆ ಸಾಕು, ನಿಮ್ಮ ಹೆಸರೂ ಸೇರುತ್ತೆ" ಅಂದರೆ ಯಾರಿಗಾದರೂ ಖುಷಿಯಾಗುತ್ತದೆ. ಬೇಡ ಅನ್ನಿ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಕೆಲಸ ಮಾಡಿದವರು ಇನ್ನೂ ಲ್ಯಾಬಿನಲ್ಲಿ ಇರುವಾಗಲೇ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿಮ್ಮ ಲ್ಯಾಪ್‌ಟಾಪಿನಲ್ಲಿ ಲೆಕ್ಕಾಚಾರವನ್ನೆಲ್ಲಾ ಮೊದಲಿಂದ ಓಡಿಸಿ ನೋಡಿ. ಪೇಪರಿನಲ್ಲಿ ಬರೆದಿರುವ ಅಂಕಿಗಳೇ ಬರಬೇಕು. ಬರದಿದ್ದರೆ, ಯಾಕೆ ಅಂತ ತಿಳಿಯುವ ತನಕ ಒಪ್ಪಿಕೊಳ್ಳಬೇಡಿ.

ನನಗೆ ಬಂದದ್ದು ಕಾಫಿ ತೋಟ ಮತ್ತು ಪಕ್ಕದ ಕಾಡಿನ ಮಣ್ಣಿನ ಬ್ಯಾಕ್ಟೀರಿಯಾ ಕುರಿತ ಪೇಪರ್. ಸೀನಿಯರ್ ಆಗಲೇ ಪೋಸ್ಟ್‌ಡಾಕ್‌ಗೆಂದು ಹೊರದೇಶಕ್ಕೆ ಹೋಗಿದ್ದರು. ಜರ್ನಲ್ ಪರವಾಗಿ ಪೇಪರ್ ಪರಿಶೀಲಿಸುವ ರಿವ್ಯೂವರ್ ಕೇಳಿದ್ದು ಬಹಳ ಚಿಕ್ಕ ವಿಷಯ: ಒಂದು ಪ್ಲಾಟ್ (ಮಣ್ಣು ತೆಗೆದ ಜಾಗಗಳಲ್ಲಿ ಒಂದು) ತೆಗೆದುಹಾಕಿ 3ನೇ ಚಿತ್ರವನ್ನು ಮತ್ತೆ ಮಾಡಿ. ಫೋಲ್ಡರ್ ತೆರೆದರೆ ಫೈನಲ್, ಫೈನಲ್ 2, ಫೈನಲ್ ಸರ್ ಕರೆಕ್ಷನ್ ಅಂತ ಲೆಕ್ಕಾಚಾರದ ಆದೇಶಗಳನ್ನು ಬರೆದಿಟ್ಟ ಸಾಲು ಸಾಲು ಸ್ಕ್ರಿಪ್ಟ್‌ಗಳು. ಯಾವುದರಿಂದ ಯಾವ ಚಿತ್ರ ಬಂತು ಅಂತ ಎಲ್ಲೂ ಬರೆದಿಲ್ಲ. ಪ್ರತಿ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೂ ಅವರ ಕಂಪ್ಯೂಟರಿನ ಸಿ ಡ್ರೈವ್ ವಿಳಾಸ. ಅದನ್ನು ಬದಲಾಯಿಸಿಕೊಳ್ಳಬಹುದು, ದೊಡ್ಡ ಮಾತಲ್ಲ. ನಿಜವಾದ ತೊಂದರೆ ಆಮೇಲೆ ಶುರುವಾಯಿತು.

ಮಣ್ಣಿನ ಒಂದೊಂದು ಸ್ಯಾಂಪಲ್‌ನಿಂದ ಸಿಗುವ ಡಿಎನ್‌ಎ ರೀಡ್‌ಗಳ (ಯಂತ್ರ ಓದಿಕೊಡುವ ಡಿಎನ್‌ಎ ತುಣುಕುಗಳ) ಸಂಖ್ಯೆ ಬೇರೆಬೇರೆ. ಹೋಲಿಸಬೇಕಾದರೆ ಎಲ್ಲದರಿಂದಲೂ ಒಂದೇ ಸಂಖ್ಯೆಯ ರೀಡ್‌ಗಳನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ಪ್ರತಿ ಸಲವೂ ಅದೇ ಚೀಟಿಗಳು ಬರಲಿ ಅಂತ ಸ್ಕ್ರಿಪ್ಟಿನಲ್ಲಿ ಒಂದು ಸೀಡ್ ಸಂಖ್ಯೆ ಕೊಡುತ್ತಾರೆ. ನಮ್ಮ ಸೀನಿಯರ್ ಅದನ್ನು ಕೊಟ್ಟಿದ್ದರು. ಆದರೂ ಉತ್ತರ ಬೇರೆ ಬಂತು. ಪಿ ಮೌಲ್ಯ ಅನ್ನುವ ಅಂಕಿ 0.05ಕ್ಕಿಂತ ಕಡಿಮೆ ಇದ್ದರೆ ಮಾತ್ರ ಕಂಡ ವ್ಯತ್ಯಾಸಕ್ಕೆ ಸಾಮಾನ್ಯವಾಗಿ ಬೆಲೆ. ಪೇಪರಿನಲ್ಲಿ ಅದು 0.04, ನನ್ನ ಲ್ಯಾಪ್‌ಟಾಪಿನಲ್ಲಿ 0.06. ಅದೇ ಡೇಟಾ, ಅದೇ ಸ್ಕ್ರಿಪ್ಟ್, ಅದೇ ಸೀಡ್.

ಕಾರಣ ಸಿಕ್ಕಿದ್ದು, ಆ ಸ್ಕ್ರಿಪ್ಟ್ ಬರೆದಿದ್ದ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬದಲಾವಣೆ ಪಟ್ಟಿಯಲ್ಲಿ. 2019ರ ಏಪ್ರಿಲ್‌ನಲ್ಲಿ ಬಂದ ಆರ್ 3.6.0ರಲ್ಲಿ, ಹೀಗೆ ಆರಿಸಿಕೊಡುವ 'ಸ್ಯಾಂಪಲ್' ಫಂಕ್ಷನ್ ಒಳಗಿನ ವಿಧಾನವನ್ನೇ ಬದಲಿಸಿದ್ದಾರೆ. ಹಳೆಯದರಲ್ಲಿ ಒಂದು ಸಣ್ಣ ಪಕ್ಷಪಾತ ಇತ್ತು, ಅದನ್ನು ಸರಿಮಾಡಿದರು. ಒಳ್ಳೆಯ ಕೆಲಸವೇ. ಆದರೆ ಅದರಿಂದ ಒಂದೇ ಸೀಡ್‌ಗೆ 3.5ರಲ್ಲಿ ಒಂದು ಫಲಿತಾಂಶ, 3.6ರಲ್ಲಿ ಇನ್ನೊಂದು. ಸೀನಿಯರ್ ಯಾವ ಆವೃತ್ತಿ ಬಳಸಿದ್ದರು ಅಂತ ಫೋಲ್ಡರಿನಲ್ಲಿ ಒಂದು ಅಕ್ಷರವೂ ಇರಲಿಲ್ಲ. ಹಳೆಯ ಆರ್ ಇಳಿಸಿಕೊಂಡು ಓಡಿಸಿದಾಗ 0.04 ಮರಳಿ ಬಂತು. ಸಮಾಧಾನ ಆಗಲಿಲ್ಲ. ಯಾವ ಚೀಟಿ ಬಂತು ಎನ್ನುವುದರ ಮೇಲೆ ನಿಲ್ಲುವ, ಬೀಳುವ ಫಲಿತಾಂಶವನ್ನು ಪೇಪರಿನಲ್ಲಿ ಹೇಗೆ ಇಡುವುದು?

ಇದಕ್ಕಿಂತ ಜಾಸ್ತಿ ನೋವಾಗಿದ್ದು ಎಕ್ಸೆಲ್‌ನಿಂದ. 5ನೇ ಪ್ಲಾಟಿನ 2ನೇ ಸ್ಯಾಂಪಲ್‌ಗೆ 5-2 ಅಂತ ಹೆಸರಿಟ್ಟಿದ್ದರು. ಎಕ್ಸೆಲ್ ಅದನ್ನು ತಾರೀಖು ಅಂದುಕೊಂಡು ಫೆಬ್ರವರಿ 5 ಮಾಡಿಬಿಡುತ್ತದೆ. ಲ್ಯಾಬಿನ ಇನ್ನೊಂದು ಕಂಪ್ಯೂಟರಿನಲ್ಲಿ ಅಮೆರಿಕದ ತಾರೀಖು ಸೆಟ್ಟಿಂಗ್ ಇತ್ತು. ಅಲ್ಲಿ ತಿಂಗಳು ಮೊದಲು, ಹಾಗಾಗಿ 2ನೇ ಪ್ಲಾಟಿನ 5ನೇ ಸ್ಯಾಂಪಲ್, ಅಂದರೆ 2-5 ಕೂಡ ಫೆಬ್ರವರಿ 5 ಆಯಿತು. ಎರಡೂ ಕಡೆ ಟೈಪ್ ಮಾಡಿದ ಪಟ್ಟಿಗಳನ್ನು ಯಾರೋ ಸೇರಿಸಿದ್ದಾರೆ. ತೋಟದ ಮಣ್ಣು, ಕಾಡಿನ ಮಣ್ಣು ಎರಡಕ್ಕೂ ಒಂದೇ ಹೆಸರು! ನಮ್ಮಲ್ಲಿ ಮಾತ್ರ ಅಲ್ಲ ಇದು. ಜೀನ್‌ಗಳ ವಿಷಯದಲ್ಲಿ ಇದೇ ಕಾಟ ತಡೆಯಲಾರದೆ ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿ 2020ರಲ್ಲಿ ತನ್ನ ನಿಯಮಗಳನ್ನೇ ತಿದ್ದಿ, ಎಕ್ಸೆಲ್ ಸೆಪ್ಟೆಂಬರ್ 2 ಅಂದುಕೊಳ್ಳುತ್ತಿದ್ದ ಸೆಪ್ಟ್2 ಅನ್ನುವ ಜೀನ್ ಸೆಪ್ಟಿನ್2 ಆಗಿದ್ದನ್ನು ಜಗತ್ತಿಗೆ ತಿಳಿಸಬೇಕಾಯಿತು.

ನಮ್ಮನ್ನು ಉಳಿಸಿದ್ದು ಬೀರುವಿನಲ್ಲಿ ಸಿಕ್ಕ ಫೀಲ್ಡ್ ನೋಟ್‌ಬುಕ್. ಮಣ್ಣಿನ ಕಲೆ ಹಿಡಿದ ಪುಟಗಳಲ್ಲಿ, ಪೆನ್ಸಿಲಿನಲ್ಲಿ, ಪ್ಲಾಟು, ಸ್ಯಾಂಪಲ್, ಆಳ ಎಲ್ಲಾ ಸರಿಯಾಗಿ ಇತ್ತು. ಒಂದೊಂದೇ ಸಾಲು ಹೋಲಿಸಿ ಹೆಸರು ಸರಿಮಾಡಿದೆವು. ಅಷ್ಟರಲ್ಲಿ ರಿವಿಷನ್ ಗಡುವು ದಾಟಿತ್ತು. ಜರ್ನಲ್‌ನವರು ಹೊಸ ಪೇಪರ್ ಅಂತಲೇ ಪರಿಗಣಿಸಿದರು. ಚೀಟಿಯ ಮೇಲೆ ನಿಂತಿದ್ದ 3ನೇ ಚಿತ್ರದ ಮಾತನ್ನು ಕೈಬಿಟ್ಟೆವು. 2ನೇ ಚಿತ್ರ ಮೂಲದಲ್ಲಿ ಹೇಗೆ ಬಂದಿತ್ತು ಅನ್ನುವುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಹಾಗಾಗಿ ಸೀನಿಯರ್ ಹೊರಡುವ ಮುಂಚೆ ಸಂಕೋಚ ಬಿಟ್ಟು ಕೇಳಿ. ಮೂಲ ಡೇಟಾ ಪ್ರತ್ಯೇಕ ಫೋಲ್ಡರಿನಲ್ಲಿ, ಯಾರೂ ತಿದ್ದಲಾಗದಂತೆ ರೀಡ್ ಓನ್ಲಿ ಆಗಿ ಇದೆಯಾ? ಯಾವ ಸ್ಕ್ರಿಪ್ಟ್ ಮೊದಲು, ಯಾವುದು ಆಮೇಲೆ ಅಂತ ಒಂದು ರೀಡ್‌ಮೀ ಕಡತದಲ್ಲಿ ಬರೆದುಕೊಡ್ತೀರಾ? ಆರ್‌ನಲ್ಲಿ 'ಸೆಷನ್‌ಇನ್ಫೋ' ಓಡಿಸಿದರೆ ಆವೃತ್ತಿ, ಪ್ಯಾಕೇಜು ಎಲ್ಲದರ ಪಟ್ಟಿ ಬರುತ್ತದೆ, ಅದನ್ನು ಅಲ್ಲೇ ಸೇವ್ ಮಾಡಿಸಿ. ಸ್ಯಾಂಪಲ್ ಹೆಸರು ಅಕ್ಷರದಿಂದ ಶುರುವಾಗಲಿ, ಪಿ05_ಎಸ್02 ಅನ್ನುವ ಹಾಗೆ. ಕಡತಗಳ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ಬಳಸಲು ಬಂದರೆ ಇನ್ನೂ ಒಳ್ಳೆಯದು. ಆಮೇಲೆ, ಒಂದು ಪ್ರತಿ ಬೇರೆ ಕಡೆ ಇಟ್ಟುಕೊಂಡು, ಚಿತ್ರಗಳು ಮತ್ತು ಟೇಬಲ್‌ಗಳಿರುವ ಫೋಲ್ಡರನ್ನು ಅವರ ಎದುರೇ ಪೂರ್ತಿ ಅಳಿಸಿ, ಸ್ಕ್ರಿಪ್ಟ್ ಓಡಿಸಿ. ಎಲ್ಲವೂ ಮತ್ತೆ ಹುಟ್ಟಿ ಬಂದರೆ ಮಾತ್ರ ಗೈಡ್‌ಗೆ ಹೂಂ ಅನ್ನಿ.