ಸೀಗಡಿ ಹೊಂಡಕ್ಕೆ ಬೆಳೆ ಔಷಧಿ ಸುರಿದು ಕೈ ಸುಟ್ಟುಕೊಂಡೆ

ಮುಧೋಳದ ಹತ್ತಿರ ನಮ್ಮ ಅರ್ಧ ಎಕರೆ ಹೊಂಡ. ಘಟಪ್ರಭಾ ಕಾಲುವೆ ನೀರು. ಮೂರು ತಿಂಗಳ ಹಿಂದೆ 8,000 ಸೀಗಡಿ ಮರಿ ಬಿಟ್ಟಿದ್ದೆವು. ಈಗ ಒಂದೂ ಇಲ್ಲ.

ನೀರು ಬರುವ ಪೈಪಿಗೆ ಕಟ್ಟಿದ್ದ ಬಲೆ ಹರಿದಿತ್ತು, ನೋಡಿರಲಿಲ್ಲ. ಜಿಲೇಬಿ ಮೀನು ಒಳಗೆ ಬಂದು, ಸಂಸಾರ ಬೆಳೆಸಿ, ಸೀಗಡಿಗೆ ಹಾಕಿದ ಮೇವನ್ನೆಲ್ಲ ಮುಕ್ಕುತ್ತಿದ್ದವು. ಔಷಧಿ ಅಂಗಡಿಯಲ್ಲಿ ಕೇಳಿದೆ. "ಇದನ್ನ ಹಾಕ್ರಿ ಅಣ್ಣಾರ, ಒಂದ್ ಮೀನೂ ಉಳಿಯಂಗಿಲ್ಲ" ಎಂದ. ಸೈಪರ್‌ಮೆಥ್ರಿನ್, ಬದನೆ ಗಿಡಕ್ಕೆ ಹೊಡೆಯುವಂಥದ್ದೇ. ಡಬ್ಬಿಯ ಮೇಲೂ ಮೀನಿಗೆ ವಿಷ ಎಂದು ಬರೆದಿತ್ತು. ಮೀನಿಗೆ ತಾನೇ, ಸೀಗಡಿಗಲ್ಲವಲ್ಲ ಎಂದುಕೊಂಡೆ. ನನ್ನ ಬುದ್ಧಿಗೆ ಏನು ಹೇಳೋಣ!

ಸಂಜೆ ಕಾಲು ಲೀಟರ್ ಕಲಸಿ ಎರಚಿದೆವು. ಒಂದು ತಾಸೂ ಆಗಿರಲಿಲ್ಲ, ಸೀಗಡಿಗಳು ದಂಡೆಗೆ ಬಂದವು. ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿದೆ ಎಂದು ನೀರಿಗೆ ಗಾಳಿ ಕಲಸುವ ಏರೇಟರ್ ಹಚ್ಚಿದೆ. ಆದರೆ ಉಸಿರು ಸಾಲದಾಗ ಸೀಗಡಿ ದಂಡೆಗೆ ಬಂದು ಸುಮ್ನೆ ಕೂರುತ್ತದೆ. ಇವು ಹಾಗಿರಲಿಲ್ಲ. ಚಂಗನೆ ಜಿಗಿಯುತ್ತಿದ್ದವು, ಸುತ್ತು ಹೊಡೆಯುತ್ತಿದ್ದವು, ಮಗ್ಗುಲಾಗಿ ಬಿದ್ದು ಕಾಲು ನಡುಗಿಸುತ್ತಿದ್ದವು. ಬೆಳಗ್ಗೆ ಬುಟ್ಟಿಗಟ್ಟಲೆ ಹೆಕ್ಕಿದೆವು. ಜಿಲೇಬಿ? ಒಂದಷ್ಟು ಸತ್ತವು. ದೊಡ್ಡವು ಆರಾಮಾಗಿ ಓಡಾಡುತ್ತಿದ್ದವು.

ಆಮೇಲೆ ತಿಳಿಯಿತು. ಸೀಗಡಿಯ ನೆಂಟಸ್ತಿಕೆ ಮೀನಿನ ಜೊತೆ ಅಲ್ಲ, ಹುಳುಗಳ ಜೊತೆ. ಹುಳದ ನರ ಕೆಡಿಸುವ ಔಷಧಿ ಇದರ ನರವನ್ನೂ ಕೆಡಿಸುತ್ತದೆ. 10 ಲಕ್ಷ ಲೀಟರ್ ನೀರಿಗೆ 1 ಗ್ರಾಂ ಸಾಕು. ಪಕ್ಕದ ಹೊಲದಲ್ಲಿ ಹೊಡೆದದ್ದು ಗಾಳಿಗೆ ತೇಲಿ ಬಂದರೂ ಕಷ್ಟ.

ಸೀಗಡಿ ಉಳಿದು ಮೀನು ಮಾತ್ರ ಸಾಯಬೇಕೆಂದರೆ ಚಹಾ ಬೀಜದ ಹಿಂಡಿ ಇದೆ. ಅದರಲ್ಲಿರುವ ಸಪೋನಿನ್ ಎಂಬ ವಸ್ತು ಕಿವಿರಿನ ಮೂಲಕ ಹೋಗಿ ಮೀನಿನ ಕೆಂಪು ರಕ್ತಕಣ ಒಡೆಯುತ್ತದೆ. ಸೀಗಡಿಯ ರಕ್ತದಲ್ಲಿ ಕೆಂಪು ಕಣವೇ ಇಲ್ಲ. ಹಾಗಂತ ಅಳತೆ ಮೀರಿದರೆ ಅದೂ ಬಿಡುವುದಿಲ್ಲ. ಸಿಹಿನೀರಿನಲ್ಲಿ ಉಪ್ಪುನೀರಿನಷ್ಟು ಚುರುಕೂ ಅಲ್ಲ. ಮರಿ ಬಿಡುವ ಮೊದಲೇ ಹೊಂಡ ಸ್ವಚ್ಛ ಮಾಡುವುದಾದರೆ ಹಿಪ್ಪೆ ಹಿಂಡಿ ಸಾಕು. ಒಂದು ಮೀಟರ್ ನೀರಿರುವ ಹೆಕ್ಟೇರಿಗೆ ಸುಮಾರು 2,500 ಕೆಜಿ. ಮೂರು ವಾರ ಕಾಯಬೇಕು. ಅಷ್ಟರಲ್ಲಿ ವಿಷ ಇಳಿದು ಅದೇ ಗೊಬ್ಬರವಾಗುತ್ತದೆ.

ಸತ್ತ ಸೀಗಡಿ, ಮೀನು ಒಯ್ಯಲು ಇಬ್ಬರು ಚೀಲ ಹಿಡಿದು ಬಂದಿದ್ದರು. ಕೊಡಲಿಲ್ಲ, ಗುಂಡಿ ತೋಡಿ ಹೂತೆವು. ನೀರನ್ನೂ ಹಳ್ಳಕ್ಕೆ ಬಿಟ್ಟಿಲ್ಲ, ಕೆಳಗೆ ಎಮ್ಮೆಗಳು ಕುಡಿಯುತ್ತವೆ. ಹೊಂಡ ಹಾಗೇ ನಿಂತಿದೆ. ಪೈಪಿನ ಬಾಯಿಗೆ ಮಾತ್ರ ನಿನ್ನೆ ಹೊಸ ಬಲೆ ಕಟ್ಟಿದೆ.